ಮುಖ ನೋಡದೆ ಹೆಣೆದ ಟೊಪ್ಪಿಗೆ

ಈ ಟೊಪ್ಪಿಗೆಯ ಸೊಗಸೆಲ್ಲ ಕಿವಿಯ ಹತ್ತಿರ ಇದೆ. ನೆತ್ತಿಯ ಭಾಗ ಯಾವ ಉಲ್ಲನ್ ಟೊಪ್ಪಿಗೆಯಲ್ಲೂ ಕಾಣುವಂಥದ್ದೇ: ಒಂದೇ ಪದರ, ಸುತ್ತಿನಿಂದ ಸುತ್ತಿಗೆ ಕುಣಿಕೆ ಕಡಿಮೆಯಾಗುತ್ತ ಹೋಗಿ ನಡುನೆತ್ತಿಯಲ್ಲಿ ಒಂದು ಗಂಟು. ಕೆಳಗಿನ ಪಟ್ಟಿ ಮಾತ್ರ ಎರಡು ಪದರದ್ದು. ಆಮೇಲೆ ಮಡಚಿ ಹೊಲಿದದ್ದಲ್ಲ. ಮೊದಲು ಆ ಪಟ್ಟಿಯೊಂದನ್ನೇ ಅಡ್ಡಡ್ಡವಾಗಿ ಉದ್ದಕ್ಕೆ ಹೆಣೆದಿದ್ದಾರೆ. ಎರಡೂ ತುದಿ ಕೂಡಿಸಿ ಬಳೆ ಮಾಡಿದ್ದಾರೆ. ನಡುವೆ ಬಿಟ್ಟ ಗೆರೆಯ ಮೇಲೆ ಅದನ್ನು ಮಡಚಿದ್ದಾರೆ. ಒಂದರ ಮೇಲೊಂದು ಕೂತ ಎರಡು ಅಂಚುಗಳಿಂದ ಜೊತೆಯಾಗಿ ಕುಣಿಕೆ ಎತ್ತಿಕೊಂಡು ಅಲ್ಲಿಂದ ಮೇಲಕ್ಕೆ ನೆತ್ತಿ ಕಟ್ಟಿದ್ದಾರೆ. ಜೋಡಿಸಿದ ಗುರುತು ಹುಡುಕಬೇಕೆಂದರೆ ಬೆಳಕಿಗೆ ಹಿಡಿಯಬೇಕು. ಬೆರಳು ಆಡಿಸಿದರೆ ಕಿವಿಯ ಜಾಗದಲ್ಲಿ ಮೆತ್ತಗೆ, ದಪ್ಪಗೆ, ಒಳಗೆ ತುಸು ಗಾಳಿ ತುಂಬಿಕೊಂಡ ಹಾಗೆ ಸಿಗುತ್ತದೆ.

ಹಡಗಿನ ಮೇಲೆ ನಿಂತವನಿಗೆ ಗಾಳಿ ಮೊದಲು ಕಚ್ಚುವುದು ಕಿವಿಯನ್ನೇ. ಹೆಣೆದವರಿಗೆ ಅದು ಗೊತ್ತಿತ್ತು. ಯಾರ ಕಿವಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಅದು ಬಂದು ಮುಟ್ಟಿದ್ದು ಮುಧೋಳ ಸೀಮೆಯ ನಮ್ಮ ತಿಮ್ಮಾಪುರದ ಒಬ್ಬ ಹುಡುಗನ ಕಿವಿಗೆ. ಐಟಿಐ ಮುಗಿಸಿ, ನಾಲ್ಕು ದಿನ ಊರ ಸಕ್ಕರೆ ಕಾರ್ಖಾನೆಯ ಕಡೆ ಓಡಾಡಿ, ಕೊನೆಗೆ ಮರ್ಚಂಟ್ ನೇವಿ ಸೇರಿ ಕಂಟೇನರ್ ಹಡಗಿನ ಎಂಜಿನ್ ರೂಮಿನಲ್ಲಿ ಫಿಟರ್ ಆದವನು. ನಮ್ಮ ಕಡೆಯವರಿಗೆ ಸಮುದ್ರವೆಂದರೆ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಎಲ್ಲಿಗೋ ಹರಿದು ಹೋಗುತ್ತಾಳಲ್ಲ, ಆ ಎಲ್ಲಿಗೋ ಅನ್ನುವ ಜಾಗ. ಅಂಥ ಊರಿಗೆ ಅಟ್ಲಾಂಟಿಕ್ ಸಾಗರದ ಟೊಪ್ಪಿಗೆ ಬಂತು. ಅವನ ಆಯಿ ಅದನ್ನು ಹಿಡಿದು ತಿರುವಿ ನೋಡಿ, “ಇದೇನೋ, ಇಷ್ಟ ದೊಡ್ಡಾಂವಗ ಕುಲಾವಿ ಹಾಕ್ಯಾರಲ್ಲ!” ಅಂದಳಂತೆ. ನನಗೆ ಅದನ್ನು ತಂದು ತೋರಿಸಿದಾಗ ಹುಡುಗನೇ ಹೇಳಿದ್ದು.

ಟೊಪ್ಪಿಗೆಯ ಹಿಂದಿನ ಕಥೆ ನ್ಯೂಯಾರ್ಕಿನದು. ಅಲ್ಲಿಯ ಎಪಿಸ್ಕೋಪಲ್ ಚರ್ಚಿನವರು 1834ರಲ್ಲಿ ನಾವಿಕರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ ಎಂದು ಈಗ ಕರೆಯುವುದು ಅದನ್ನೇ. ಅದೇ 1834ರಲ್ಲೇ ಬಾಸೆಲ್ ಮಿಷನ್ನಿನ ಪಾದ್ರಿಗಳು ಹಡಗಿನಿಂದ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮುಂದೆ ನಮ್ಮ ಗುಳೇದಗುಡ್ಡದ ನೇಕಾರರ ಓಣಿಯವರೆಗೂ ಬಂದರು. ಒಂದು ಕಡೆ ಹಡಗಿನಿಂದ ಇಳಿದು ನೆಲದವರನ್ನು ಹುಡುಕಿಕೊಂಡು ಹೊರಟ ಚರ್ಚು, ಇನ್ನೊಂದು ಕಡೆ ನೆಲ ಬಿಟ್ಟು ಹಡಗಿನವರನ್ನು ಹುಡುಕಿಕೊಂಡು ಹೊರಟ ಚರ್ಚು. ನ್ಯೂಯಾರ್ಕಿನವರಂತೂ 1844ರಲ್ಲಿ ದೋಣಿಯ ಮೇಲೆಯೇ ಗೋಪುರವಿದ್ದ ಒಂದು ಚರ್ಚು ಕಟ್ಟಿ ಬಂದರಿನ ನೀರಿನಲ್ಲಿ ತೇಲಿಬಿಟ್ಟಿದ್ದರು. ನಾವಿಕ ನೆಲಕ್ಕೆ ಬರಲಾರದಿದ್ದರೆ ನೆಲವೇ ನೀರಿಗೆ ಇಳಿಯಲಿ ಎಂಬ ಹಟ.

ಹೆಣಿಗೆ ಶುರುವಾದದ್ದು 1898ರಲ್ಲಿ. ‘ಕ್ರಿಸ್‌ಮಸ್ ಅಟ್ ಸೀ’ ಎಂದು ಅದರ ಹೆಸರು. ಅಮೆರಿಕದ ಊರೂರುಗಳಲ್ಲಿ ಮನೆಯಲ್ಲಿ ಕೂತವರು ವರ್ಷವಿಡೀ ಟೊಪ್ಪಿಗೆ, ಮಫ್ಲರ್ ಹೆಣೆದು ಕಳಿಸುತ್ತಾರೆ. ಚಳಿಗಾಲ ಹಿಡಿಯುವ ಹೊತ್ತಿಗೆ ಅವು ಪೊಟ್ಟಣಗಳಾಗಿ ಬಂದರಿಗೆ ಬಂದ ಹಡಗು ಹತ್ತುತ್ತವೆ. ಮಿಸಿಸಿಪ್ಪಿಯಂಥ ನದಿಗಳಲ್ಲಿ ದೋಣಿ ನಡೆಸುವವರಿಗೂ ಒಂದು ಪಾಲು ಹೋಗುತ್ತದೆ. ಕಿವಿಯ ಪಟ್ಟಿ ಎರಡು ಪದರವಿರುವ ಈ ನಮೂನೆಗೆ ಹೆಸರೇ ‘1898 ಟೊಪ್ಪಿಗೆ’. ನಮೂನೆ ಆ ಕಾಲದ್ದಲ್ಲ, ಇತ್ತೀಚಿನದು. ಶುರುವಾದ ವರ್ಷದ ನೆನಪಿಗೆ ಆ ಹೆಸರಿಟ್ಟಿದ್ದಾರೆ.

ನಮ್ಮ ಮನೆಯಾಕೆ ಬನಹಟ್ಟಿಯ ನೇಕಾರರ ಮಗಳು. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವಳು. ಬಟ್ಟೆ ಕೈಗೆ ಸಿಕ್ಕರೆ ಮೊದಲು ಹಿಂಬದಿ ನೋಡುತ್ತಾಳೆ. ಮುಂಬದಿ ಗಿರಾಕಿಗೆ, ಹಿಂಬದಿ ನೇಕಾರನಿಗೆ ಎನ್ನುವುದು ಅವಳ ತವರಿನ ಲೆಕ್ಕ. ಈ ಟೊಪ್ಪಿಗೆಯನ್ನೂ ಒಳಗು ಹೊರಗು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಪಟ್ಟಿಯನ್ನು ಎರಡೂ ಕೈಯಿಂದ ಎಳೆದಳು. ಎಳೆದಷ್ಟೂ ಬಂತು, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಹೋಯಿತು.

“ಹಾಸು ಹೊಕ್ಕು ಇದ್ದದ್ದು ಹಿಂಗ ಬರೂದಿಲ್ಲ,” ಅಂದಳು. ಮಗ್ಗದ ಬಟ್ಟೆಯಲ್ಲಿ ಎರಡು ನೂಲು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಜಗ್ಗಿದರೂ ಜಗ್ಗುವುದಿಲ್ಲ. ಹೆಣಿಗೆಯಲ್ಲಿ ಇರುವುದು ಒಂದೇ ದಾರ, ತನ್ನ ಕುಣಿಕೆಯೊಳಗೆ ತಾನೇ ನುಗ್ಗಿ ಮುಂದೆ ಹೋಗುತ್ತದೆ. ಕುಣಿಕೆಗೆ ಅಗಲವಾಗಲು, ಉದ್ದವಾಗಲು ಜಾಗವಿದೆ. ಅದರಲ್ಲೂ ಪಟ್ಟಿಯನ್ನು ಅಡ್ಡಡ್ಡವಾಗಿ ಹೆಣೆದದ್ದರಲ್ಲಿ ಒಂದು ಜಾಣತನವಿದೆ. ಎಲ್ಲ ಸಾಲನ್ನೂ ಸೀದಾ ಹೆಣೆದರೆ, ಉಲ್ಟಾ ಬೆರೆಸದಿದ್ದರೆ, ಎರಡೂ ಬದಿಗೆ ಉಬ್ಬು ಉಬ್ಬಾದ ಗೆರೆಗಳು ಏಳುತ್ತವೆ. ಅಂಥ ಹೆಣಿಗೆ ಹೆಚ್ಚು ಹಿಗ್ಗುವುದು ಸಾಲುಗಳು ಒಂದರ ಮೇಲೊಂದು ಏರುವ ದಿಕ್ಕಿನಲ್ಲಿ. ಪಟ್ಟಿಯನ್ನು ಬಳೆ ಮಾಡಿದಾಗ ಆ ದಿಕ್ಕು ತಲೆಯ ಸುತ್ತಳತೆಯ ದಿಕ್ಕಾಗುತ್ತದೆ. ಸಣ್ಣ ತಲೆಯಾದರೂ ಸಡಿಲವಾಗುವುದಿಲ್ಲ, ದೊಡ್ಡ ತಲೆಯಾದರೂ ಬಿಗಿಯುವುದಿಲ್ಲ. ಮನಿಲಾದವನಿಗೂ ಒಡೆಸ್ಸಾದವನಿಗೂ ತಿಮ್ಮಾಪುರದವನಿಗೂ ಒಂದೇ ಅಳತೆ ಸಾಕು. ಯಾರ ತಲೆಯನ್ನೂ ಕಾಣದೆ ಹೆಣೆಯುವವರಿಗೆ ಇದಕ್ಕಿಂತ ಒಳ್ಳೆಯ ನಮೂನೆ ಸಿಕ್ಕಲಾರದು.

ಕಾಣದವರಿಗೆ ಮಾಡುವ ಕೆಲಸ ಅಂದಾಗ ನಾನು ತುಸು ಭಾವುಕನಾದೆನೇನೋ, ಮನೆಯಾಕೆ ಅಷ್ಟಕ್ಕೇ ತಡೆದಳು. “ನಮ್ಮಪ್ಪ ನೇಯ್ದ ಸೀರಿ ಯಾರ ಮೈಮ್ಯಾಲೆ ಬಿತ್ತು ಅನ್ನೂದು ಅವಗರೆ ಎಲ್ಲಿ ಗೊತ್ತಿತ್ರಿ?” ಮಾತು ಖರೆ. ಆದರೆ ಸೀರೆಗೆ ಕೂಲಿ ಇತ್ತು, ಸಾವಕಾರ ಇದ್ದ, ಸಂತೆ ಇತ್ತು. ಈ ಟೊಪ್ಪಿಗೆಗೆ ಅದು ಯಾವುದೂ ಇಲ್ಲ. ಇದರ ಬೆಲೆ ಕಟ್ಟುವ ಹಕ್ಕು ಯಾರಿಗೂ ಇಲ್ಲ, ಇದು ಸಿಕ್ಕವನಿಗೂ.

ಆಮೇಲೆ ಅವಳು ನನಗೆ ಕಾಣದ್ದೊಂದನ್ನು ತೋರಿಸಿದಳು. ಟೊಪ್ಪಿಗೆ ದಟ್ಟ ನೀಲಿ. ನೆತ್ತಿಯ ಹತ್ತಿರದ ಕೊನೆಯ ಕೆಲವು ಸುತ್ತುಗಳು ಮಾತ್ರ ಬೇರೆ ನೀಲಿ, ಒಂದು ಕೂದಲೆಳೆಯಷ್ಟು ತಿಳಿ. “ಉಂಡಿ ಮುಗದೈತಿ. ಅಂಥಾದ ಹುಡಿಕ್ಯಾಳ, ಸಿಕ್ಕಿಲ್ಲ, ಹತ್ತರದ್ದು ಹಾಕ್ಯಾಳ.” ಹೆಣೆದವರು ಹೆಂಗಸೋ ಗಂಡಸೋ ನಮಗೆ ತಿಳಿಯದು, ಮನೆಯಾಕೆಗೆ ಮಾತ್ರ ಅನುಮಾನವೇ ಇಲ್ಲ. ಅಂಗಡಿಯ ಟೊಪ್ಪಿಗೆಯಲ್ಲಿ ಇದು ಕಸರು, ತೆಗೆದು ಪಕ್ಕಕ್ಕೆ ಒಗೆಯುತ್ತಾರೆ. ನನಗೆ ಇಡೀ ಟೊಪ್ಪಿಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ತಿಳಿನೀಲಿಯ ಸುತ್ತುಗಳೇ. ಡಬ್ಬಿಯಲ್ಲಿ ಉಳಿದ ಚೂರುಪಾರು ದಾರಗಳನ್ನು ಕೆದಕಿ, ಒಂದೊಂದನ್ನೇ ಟೊಪ್ಪಿಗೆಯ ಪಕ್ಕ ಹಿಡಿದು ನೋಡಿ, ಇದು ನಡೆದೀತು ಎಂದು ತೀರ್ಮಾನಿಸಿದ ಒಂದು ಗಳಿಗೆ ಅಲ್ಲಿ ಹಾಗೇ ಉಳಿದಿದೆ.

ದಾರ ಉಣ್ಣೆಯದಲ್ಲ, ಅಕ್ರಿಲಿಕ್. ಕುರುಬರ ಕಂಬಳಿಯ ಸೀಮೆಯವನಾದ ನನಗೆ ಇದು ಮೊದಮೊದಲು ಒಗ್ಗಲಿಲ್ಲ. ಕರಿಕುರಿಯ ತುಪ್ಪಟದ ಕಂಬಳಿ ಚುಚ್ಚುತ್ತದೆ, ಆದರೆ ಮಳೆ ನೀರನ್ನೂ ಒಳಗೆ ಬಿಡುವುದಿಲ್ಲ. ಅದರ ಮುಂದೆ ಪ್ಲಾಸ್ಟಿಕ್ಕಿನ ಮೊಮ್ಮಗನಂಥ ಈ ದಾರವೇ? ಹುಡುಗ ನಕ್ಕ. “ಕಾಕಾ, ಹಡಗದಾಗ ಎಲ್ಲಾರ ಅರಬಿ ಒಂದ ಮಷೀನಿಗೆ ಬೀಳತಾವು. ಖರೇ ಉಣ್ಣಿ ಇದ್ರ ಒಂದ ಸಲಕ್ಕ ಗೊಂಬಿ ಟೊಪ್ಪಿಗಿ ಆಗತೈತಿ.” ಮಷೀನಿನಲ್ಲಿ ಒಗೆದರೂ ಕುಗ್ಗದ ದಾರವನ್ನೇ ಆರಿಸಿಕೊಂಡದ್ದು ಅಗ್ಗವೆಂದಲ್ಲ, ಬಳಸುವವನ ಬದುಕು ತಿಳಿದುಕೊಂಡು.

ಇದೇ ತಿಳಿವಳಿಕೆ ಮಫ್ಲರಿನಲ್ಲೂ ಇದೆಯಂತೆ. ಅವನ ಜೊತೆಗಾರನಿಗೆ ಸಿಕ್ಕದ್ದರ ಫೋಟೋ ತೋರಿಸಿದ. ಎರಡು ತುದಿ ಅಗಲ, ಎದೆಯ ಮೇಲೆ ಚಪ್ಪಟೆಯಾಗಿ ಕೂರುವಂತೆ. ನಡುಭಾಗ ಮಾತ್ರ ಸೀದಾ-ಉಲ್ಟಾ ಗೆರೆಗೆರೆಯಾಗಿ ಹೆಣೆದು ಸಣ್ಣದು ಮಾಡಿದ್ದು, ಕೊರಳಿಗೆ ತಾನೇ ಅಪ್ಪಿಕೊಳ್ಳುವಂಥದ್ದು. ಉದ್ದವೂ ಕಡಿಮೆ. ಸಿನಿಮಾದ ನಾಯಕನ ಹಾಗೆ ಬೆನ್ನ ಹಿಂದೆ ಹಾರುವ ಮಫ್ಲರ್ ಎಂಜಿನ್ನು, ರಾಟೆ, ಹಗ್ಗಗಳ ನಡುವೆ ದುಡಿಯುವವನಿಗೆ ಬೇಡ. ಜಾಕೀಟಿನೊಳಗೆ ಸೇರಿಕೊಂಡು ಸುಮ್ಮನಿರಬೇಕು.

ಈ ಪೊಟ್ಟಣಗಳು ಹಡಗು ಹತ್ತುವ ಬಗೆ ಹೇಳಬೇಕು. ಹಳೆಯ ಕಾಲದ ನಾವಿಕ ಬಂದರಿಗೆ ಬಂದರೆ ವಾರಗಟ್ಟಲೆ ಊರು ತಿರುಗುತ್ತಿದ್ದ. ಈಗಿನ ಕಂಟೇನರ್ ಹಡಗು ಕೆಲವು ತಾಸುಗಳಲ್ಲಿ ಇಳಿಸಿ ಏರಿಸಿ ಹೊರಟುಬಿಡುತ್ತದೆ. ಅಮೆರಿಕದಲ್ಲಿ ವೀಸಾ ಇಲ್ಲದ ನಾವಿಕ ಹಡಗಿನ ಏಣಿ ಇಳಿಯುವ ಹಾಗೇ ಇಲ್ಲ. 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಯ ನಂತರ, 2004ರಲ್ಲಿ ಬಂದರುಗಳ ಭದ್ರತೆಯ ಹೊಸ ನಿಯಮ ಬಂದ ಮೇಲೆ, ಬೇಲಿಗಳು ಎಲ್ಲ ಕಡೆಯೂ ಎತ್ತರವಾದವು. ನಮ್ಮ ಹುಡುಗ ನ್ಯೂಜೆರ್ಸಿಯ ಪೋರ್ಟ್ ನ್ಯೂಅರ್ಕ್‌ನಲ್ಲಿ ನೋಡಿದ ಅಮೆರಿಕ ಎಂದರೆ ಕ್ರೇನುಗಳು, ಬೇಲಿ, ಬೇಲಿಯಾಚೆ ಒಂದು ರಸ್ತೆಯ ದೀಪಗಳು. ಅಲ್ಲಿ ಗ್ಯಾಂಗ್‌ವೇ ಹತ್ತಿ ಬಂದವರು ಮೂರು ಬಗೆ: ಕಾಗದಪತ್ರ ಕೇಳುವವರು, ಸರಕಿನ ಲೆಕ್ಕ ಕೇಳುವವರು, ಆಮೇಲೆ ತಲೆಗೆ ಹೆಲ್ಮೆಟ್ ಹಾಕಿಕೊಂಡ ಒಬ್ಬರು ಪಾದ್ರಿ. ಅವರು ಕೇಳಿದ್ದು ಇಷ್ಟೇ: ಮನೆಗೆ ಫೋನ್ ಹತ್ತುತ್ತಿದೆಯೇ, ಸಂಬಳ ಸರಿಯಾಗಿ ಬರುತ್ತಿದೆಯೇ, ಹಡಗಿನಲ್ಲಿ ಒಟ್ಟು ಎಷ್ಟು ಜನ. ಕೊನೆಯ ಪ್ರಶ್ನೆ ಪೊಟ್ಟಣದ ಲೆಕ್ಕಕ್ಕೆ. ಖೋಕಿಗಳನ್ನು ಕ್ಯಾಪ್ಟನ್ ಕೈಗೆ ಕೊಟ್ಟು, 25ನೇ ತಾರೀಖಿನವರೆಗೆ ಬಿಚ್ಚಬೇಡಿ ಎಂದು ಹೇಳಿ ಇಳಿದು ಹೋದರು.

ಇಂಥ ಪಾದ್ರಿಗಳ ವಂಶ ದೊಡ್ಡದು. 1835ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕೊಲ್ಲಿಯ ದಡದಲ್ಲಿ ಜಾನ್ ಆಶ್ಲಿ ಎಂಬ ತರುಣ ಪಾದ್ರಿ ಮಗನೊಂದಿಗೆ ನಿಂತಿದ್ದಾಗ, ಎದುರಿನ ನಡುಗಡ್ಡೆಯವರು ಚರ್ಚಿಗೆ ಹೇಗೆ ಹೋಗುತ್ತಾರೆ ಎಂದು ಮಗು ಕೇಳಿತಂತೆ. ಆ ಪ್ರಶ್ನೆ ಹಿಡಿದು ದೋಣಿ ಹತ್ತಿದ ಆಶ್ಲಿ ನಡುಗಡ್ಡೆ ಮುಗಿಸಿ, ಗಾಳಿಗಾಗಿ ಕಾದು ಲಂಗರು ಹಾಕಿದ್ದ ಹಡಗುಗಳಿಗೂ ಹೋದ. ಅದರಿಂದ 1856ರಲ್ಲಿ ಆಂಗ್ಲಿಕನ್ನರ ಮಿಷನ್ ಹುಟ್ಟಿತು. ಕ್ಯಾಥಲಿಕರದ್ದು 1920ರಲ್ಲಿ ಗ್ಲಾಸ್ಗೊದಲ್ಲಿ. ಸ್ಟೆಲ್ಲಾ ಮಾರಿಸ್ ಎಂದು ಈಗ ಪ್ರಸಿದ್ಧ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಬೂಟಿನ ಖಾಲಿ ಡಬ್ಬಿಗಳಲ್ಲೇ ಉಡುಗೊರೆ ತುಂಬಿ ಕಳಿಸುವ ರೂಢಿ. ಕಾಲ್ಚೀಲ, ಸಾಬೂನು, ಚಾಕೊಲೇಟು, ಟೊಪ್ಪಿಗೆ ಎಲ್ಲ ಸೇರಿ ಒಂದು ಜೊತೆ ಬೂಟಿನ ಜಾಗದಲ್ಲಿ ಹಿಡಿಸಬೇಕು.

ಹುಡುಗನ ಪೊಟ್ಟಣ ಬಿಚ್ಚಿದ್ದು ದಡ ಕಾಣದ ಕಡೆ, ಹಡಗಿನ ಮೆಸ್ಸಿನಲ್ಲಿ. ಟೊಪ್ಪಿಗೆಯಲ್ಲದೆ ಟೂತ್‌ಪೇಸ್ಟು, ಸಾಬೂನು, ತುಟಿಗೆ ಹಚ್ಚುವ ಮುಲಾಮು, ಒಂದು ಕಾರ್ಡು. ಹಲ್ಲಿನ ಸಂದಿಗೆ ಹಾಕುವ ದಾರದ ಸಣ್ಣ ಡಬ್ಬಿಯೂ ಇತ್ತು. ಅದು ಏನೆಂದು ತಿಳಿಯದೆ ಬಟನ್ ಹೊಲಿಯಲು ಬಳಸಿದನಂತೆ, ಬಹಳ ಗಟ್ಟಿಯಂತೆ. ಸಾಬೂನು ಮಾತ್ರ ಅವನು ಬಿಚ್ಚಲಿಲ್ಲ. ಹಡಗಿನಲ್ಲಿ ಎಲ್ಲವೂ ಡೀಸೆಲ್ ನಾರುತ್ತದೆ, ಅನ್ನ ಕೂಡ. ಸಾಬೂನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ. ಕಾರ್ಡಿನಲ್ಲಿ ಕೈಬರಹದ ಎರಡೇ ಮಾತು, ಬೆಚ್ಚಗಿರಿ, ಮನೆಗೆ ಸುಖವಾಗಿ ಮುಟ್ಟಿರಿ ಎಂಬರ್ಥದವು. ಅಕ್ಷರ ಸ್ವಲ್ಪ ನಡುಗಿದ್ದವು. ಹೆಣಿಗೆಯಲ್ಲಿ ಎಲ್ಲೂ ಕೈ ನಡುಗಿರಲಿಲ್ಲ.

ಆ ಸಲ ಎಳ್ಳ ಅಮಾಸಿಯೂ ಕ್ರಿಸ್‌ಮಸ್ಸಿನ ಆಚೀಚೆಗೇ ಬಂದಿತ್ತು. ಇಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಸಾಲುಗಟ್ಟಿದ್ದವು, ಬಿಳಿಜೋಳ ಎದೆಮಟ್ಟ ನಿಂತಿತ್ತು. ಅವನ ಮನೆಯವರು ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆಯ ಎಡೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ ಬಂದರು. ಚರಗವನ್ನು ಯಾವ ಇರುವೆ ತಿಂದಿತು, ಯಾವ ಹಕ್ಕಿ ತಿಂದಿತು ಎಂದು ಯಾರೂ ತಿರುಗಿ ನೋಡುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸೋಣವೆಂದರೆ ಹಡಗಿನ ನೆಟ್ಟು ಅಂದು ಸಿಗಲಿಲ್ಲ.

ಅತ್ತ ಪೊಟ್ಟಣ ಬಿಚ್ಚಿದ ದಿನ ಮೆಸ್ಸಿನ ಮೇಜಿನ ಮೇಲೆ ಚರ್ಚಿನ ಪೊಟ್ಟಣವೊಂದೇ ಇರಲಿಲ್ಲ. ಸೆಕೆಂಡ್ ಎಂಜಿನಿಯರ್ ಮಂಗಳೂರಿನ ಕ್ಯಾಥಲಿಕರು. ಅವರ ಮನೆಯಿಂದ ಕುಸ್ವಾರ್ ತುಂಬಿದ ತಗಡಿನ ಡಬ್ಬ ಅವರೊಂದಿಗೇ ಹಡಗು ಹತ್ತಿತ್ತು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರಿನಲ್ಲಿ ಎಲ್ಲರೂ ಸುತ್ತ ಕೂತು ಮಾಡುವ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಇದನ್ನು ಅವಸರದಲ್ಲಿ ತಿನ್ನುವುದು ತಪ್ಪು. ಮೊದಲು ಕೊಕ್ಕಿಸಾಂ: ಹಿತ್ತಾಳೆಯ ಹೂವಿನಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗೆ ಹಿಡಿದು ಅಲುಗಿಸಿದರೆ ಅಚ್ಚು ಬಿಟ್ಟು ಹೂವು ತೇಲುತ್ತದೆ. ಹಲ್ಲು ತಾಗಿದರೆ ಮುರಿಯುವಷ್ಟು ತೆಳು. ಆಮೇಲೆ ಕಿಡ್ಯೊ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಸುರುಳಿ ಸುತ್ತಿ ಕರಿದು ಸಕ್ಕರೆ ಪಾಕ ಹಿಡಿಸುತ್ತಾರೆ. ನಮ್ಮ ಮದುವೆಮನೆಗಳಲ್ಲಿ ಹೆಂಗಸರು ಹಾಡು ಹೇಳುತ್ತ ಗವಲಿ ಹೊಸೆಯುವ ಹೆಬ್ಬೆರಳಿನ ತಿರುವು ಇದೇ. ಪಾಕ ಗೆರೆಗೆರೆಗಳಲ್ಲಿ ಹೆಪ್ಪುಗಟ್ಟಿ ಕೂತಿರುತ್ತದೆ. ನೆವ್ರ್ಯೊ ಎಂದರೆ ನಮ್ಮ ಕರ್ಚಿಕಾಯಿ, ಹೂರಣದ ರುಚಿ ಮಾತ್ರ ಕರಾವಳಿಯದು. ಅಕ್ಕಿ ಹಿಟ್ಟು, ತೆಂಗಿನಹಾಲಿನ ಗುಳಿಯೊ ಕೊನೆಗೆ. ಬಾಯಲ್ಲಿ ಸುಮ್ಮನೆ ಇಟ್ಟುಕೊಂಡರೆ ಮೊದಲು ಸಕ್ಕರೆ ಕರಗುತ್ತದೆ, ಆಮೇಲೆ ತೆಂಗು ತಡವಾಗಿ ಬರುತ್ತದೆ.

ಇವೆಲ್ಲ ಒಣ ತಿಂಡಿಗಳು, ವಾರಗಟ್ಟಲೆ ಕೆಡದವು. ದಡದಲ್ಲಿ ಬದುಕಿ ದೂರಕ್ಕೆ ಮಕ್ಕಳನ್ನು ಕಳಿಸಿದವರ ಅಡುಗೆಮನೆ ಇದು. ನಮ್ಮ ಒಣಸೀಮೆಯ ಅಡುಗೆಮನೆಯೂ ಬೇರೆ ದಾರಿಯಿಂದ ಅಲ್ಲಿಗೇ ಬಂದು ಮುಟ್ಟಿದೆ. ಹುಡುಗನ ಪಾಲಿನಲ್ಲಿ ಉಳಿದಿದ್ದ ಅಮೀನಗಡ ಕರದಂಟು, ಖಡಕ್ ರೊಟ್ಟಿಯ ಚೂರು, ಗುರೆಳ್ಳು ಚಟ್ನಿ ಅಂದು ಮೇಜಿಗೆ ಬಂದವು. ಕರದಂಟಿನೊಳಗಿನ ಕರಿದ ಅಂಟು ಹಲ್ಲಿಗೆ ಸಿಕ್ಕಾಗ ಪಟ್ಟೆನ್ನುವ ಸದ್ದಿಗೆ ಫಿಲಿಪೀನ್ಸಿನ ಅಡುಗೆಯವರು ಬೆಚ್ಚಿ, ಆಮೇಲೆ ನಕ್ಕು, ಇನ್ನೊಂದು ಚೂರು ಕೇಳಿದರಂತೆ. ಅವರ ದೇಶದಲ್ಲಿ ಕ್ರಿಸ್‌ಮಸ್ ಹಾಡುಗಳು ಸೆಪ್ಟೆಂಬರಿನಲ್ಲೇ ಶುರುವಾಗುತ್ತವೆ; ಹಾಗಾಗಿ ಮನೆ ನೆನಪಾಗುವುದೂ ಅವರಿಗೆ ನಾಲ್ಕು ತಿಂಗಳು ಮುಂಚೆ.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ. 2020ರ ಕೋವಿಡ್ ಸೋಂಕಿನ ಕಾಲದಲ್ಲಿ ಅವರಲ್ಲಿ ಸುಮಾರು ನಾಲ್ಕು ಲಕ್ಷ ಮಂದಿ ಕರಾರು ಮುಗಿದರೂ ಮನೆಗೆ ಹೋಗಲಾಗದೆ ನೀರಿನ ಮೇಲೆಯೇ ಉಳಿದರು. ಅಂಥವರಿಗೆ ಟೊಪ್ಪಿಗೆ ಕೊಟ್ಟು ಕೈತೊಳೆದುಕೊಂಡರೆ ಅದು ಉಡುಗೊರೆಯಲ್ಲ. ಈ ನ್ಯೂಯಾರ್ಕಿನವರು ನಾವಿಕರ ಹಕ್ಕುಗಳಿಗಾಗಿ ಒಂದು ಕೇಂದ್ರವನ್ನೂ ನಡೆಸುತ್ತಾರೆ ಎಂಬುದರಿಂದಲೇ ಟೊಪ್ಪಿಗೆಯನ್ನು ನಿಶ್ಚಿಂತೆಯಿಂದ ಮೆಚ್ಚಬಹುದು. ಪಾದ್ರಿ ಸಂಬಳದ ಮಾತು ಮೊದಲು ಎತ್ತಿ, ಆಮೇಲೆ ಪೊಟ್ಟಣ ಕೊಟ್ಟದ್ದರಲ್ಲಿ ಒಂದು ಔಚಿತ್ಯವಿದೆ. ಮತ್ತೆ, ಧರ್ಮ ಕೇಳಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡೇ ಹುಡುಗ ಆ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ. ಪಟ್ಟಿಯ ಒಳಗೆ ಬೂದಿಯ ಗುರುತು ಈಗಲೂ ಇದೆ.

ಮನೆಯಾಕೆ ನಮೂನೆಯನ್ನು ಬಿಚ್ಚದೆಯೇ ಕಣ್ಣಿನಿಂದ ಓದಿಕೊಂಡಿದ್ದಾಳೆ. ಕಡ್ಡಿ ಮನೆಯಲ್ಲಿದ್ದವು. ಮುಧೋಳದ ಅಂಗಡಿಯಲ್ಲಿ ದಾರ ಕೇಳಿದರೆ ಕೂಸಿನ ಸ್ವೆಟರಿಗೆಂದು ತಂದ ಗುಲಾಬಿ, ಗಿಣಿಹಸಿರು ಬಿಟ್ಟರೆ ಬೇರೆ ಇರಲಿಲ್ಲ. ಗಿಣಿಹಸಿರು ತಂದಳು. ಕಿವಿಯ ಪಟ್ಟಿ ಚೆನ್ನಾಗಿ ಬಂತು, ಎರಡು ಅಂಚು ಕೂಡಿಸಿ ಕುಣಿಕೆ ಎತ್ತುವಲ್ಲಿ ತಡವರಿಸಿ ಅಷ್ಟಕ್ಕೇ ನಿಲ್ಲಿಸಿ, ಹುಡುಗನ ಟೊಪ್ಪಿಗೆಯನ್ನು ಮತ್ತೆ ತರಿಸಿಕೊಂಡು ನೋಡಿ ಮುಗಿಸಿದಳು. ಅದು ಅಡುಗೆಯವರಿಗಂತೆ. ಅವರ ತಲೆ ಎಷ್ಟು ದೊಡ್ಡದು ಎಂದು ಹುಡುಗ ಎರಡೂ ಕೈ ಅಗಲಿಸಿ ತೋರಿಸಲು ಹೋದಾಗ, ಬೇಡ ಅಂದಳು.

ಬರುವ ವಾರ ಅವನು ಮತ್ತೆ ಹೊರಡುತ್ತಾನೆ. ಪಡಸಾಲೆಯಲ್ಲಿ ಬ್ಯಾಗು ತೂಗುವ ಕೆಲಸ ನಡೆದಿದೆ. ಅಡುಗೆಯವರಿಗೆ ಗುರೆಳ್ಳು ಚಟ್ನಿಯ ಬೇರೆ ಪುಡಿಕೆ, ಎಂಜಿನಿಯರ್ ಮನೆಯವರಿಗೆ ಕೊಡಲು ಮಹಾಲಿಂಗಪುರದ ಬೆಲ್ಲ, ಎಲ್ಲರಿಗೂ ಸೇರಿ ಎರಡು ಪೆಂಡಿ ಖಡಕ್ ರೊಟ್ಟಿ. ವಿಮಾನದವರು ಬಿಡುವ ತೂಕ ಆಗಲೇ ಮೀರಿದೆ. ಅವನು ರೊಟ್ಟಿಯ ಕಡೆ ಕೈ ಹಾಕಿದ.

“ಅದನ್ನ ಮುಟ್ಟಬ್ಯಾಡ,” ಅಂದಳು ಅವನವ್ವ. “ಬೂಟ ತಗಿ. ಬೂಟ ಅಲ್ಲೂ ಸಿಗತಾವು.”